ಕೌನ್ಸಿಲ್ ‘ಜಾಸ್ತಿ ಕೊಟ್ಟಿದ್ದೇವೆ, ವಾಪಸ್ ಕೊಡಿ’ ಅಂದಾಗ

ಬ್ರಿಟನ್ನಿನ ಮನೆಗಳಲ್ಲಿ ಅಂಚೆ ಬಾಗಿಲಿನ ಸೀಳಿನಿಂದ ಒಳಗೆ ಬೀಳುತ್ತದೆ. ಮ್ಯಾಟ್ ಮೇಲೆ ಬಿದ್ದ ಲಕೋಟೆಯ ಮೂಲೆಯಲ್ಲಿ ಕೌನ್ಸಿಲ್‌ನ, ಅಂದರೆ ಊರಿನ ಸ್ಥಳೀಯ ಆಡಳಿತದ, ಗುರುತು ಕಂಡರೆ ಎಷ್ಟೋ ಮಂದಿಗೆ ಎದೆ ಧಸಕ್ಕೆನ್ನುತ್ತದೆ. ಒಳಗಡೆ ನಾಲ್ಕೈದು ಹಾಳೆ. ವಾರವಾರದ ಲೆಕ್ಕ, ಸಣ್ಣ ಅಕ್ಷರ. ಮೊದಲ ಹಾಳೆಯಲ್ಲಿ ದಪ್ಪಗೆ ಒಂದು ಸಾಲು: ನಿಮಗೆ ಹೌಸಿಂಗ್ ಬೆನಿಫಿಟ್ ಜಾಸ್ತಿ ಪಾವತಿಯಾಗಿದೆ, 3,640 ಪೌಂಡ್ ವಾಪಸ್ ಕೊಡಬೇಕು.

ಇದನ್ನು ಓದಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಮರ್ಯಾದೆಗೆ ಅಂಜಿ, ಮಕ್ಕಳಿಗೂ ಹೇಳದೆ ಕಂತು ಕಟ್ಟಲು ಶುರು ಮಾಡುತ್ತಾರೆ. ಇನ್ನು ಕೆಲವರು ಫೋನ್ ಮಾಡಿ ‘ನನ್ನ ಹತ್ತಿರ ಅಷ್ಟು ದುಡ್ಡಿಲ್ಲ’ ಅಂತ ಗೋಳಾಡುತ್ತಾರೆ. ಎರಡೂ ತಪ್ಪು ಹೆಜ್ಜೆ. ಯಾಕೆಂದರೆ ಆ ಒಂದು ಕಾಗದದಲ್ಲಿ ಮೂರು ಬೇರೆ ಬೇರೆ ಮಾತು ಸೇರಿಕೊಂಡಿವೆ. ಒಂದು, ನಿಜಕ್ಕೂ ಜಾಸ್ತಿ ಕೊಟ್ಟಿದ್ದಾರಾ, ಕೊಟ್ಟಿದ್ದರೆ ಎಷ್ಟು? ಎರಡು, ಅದನ್ನು ವಾಪಸ್ ಕೇಳುವ ಹಕ್ಕು ಅವರಿಗಿದೆಯಾ? ಮೂರು, ಯಾರಿಂದ, ಎಷ್ಟು ಬೇಗ ವಸೂಲಿ ಮಾಡುತ್ತಾರೆ? ‘ದುಡ್ಡಿಲ್ಲ’ ಅನ್ನೋದು ಮೂರನೆಯದಕ್ಕೆ ಮಾತ್ರ ಉತ್ತರ. ಅದನ್ನೇ ಮೊದಲು ಹೇಳಿದರೆ ಉಳಿದ ಎರಡನ್ನು ಕೇಳದೇ ಒಪ್ಪಿಕೊಂಡ ಹಾಗೆ ಆಗುತ್ತದೆ.

ಮೊದಲು ಇದು ಯಾರಿಗೆ ಸಂಬಂಧಿಸಿದ್ದು ಅಂತ ನೋಡೋಣ. ಹೌಸಿಂಗ್ ಬೆನಿಫಿಟ್ ಅಂದರೆ ಬಾಡಿಗೆ ಕಟ್ಟಲು ಕಷ್ಟವಾದವರಿಗೆ ಊರಿನ ಕೌನ್ಸಿಲ್ ಕೊಡುವ ನೆರವು. 1980ರ ದಶಕದ ಆರಂಭದಿಂದ ಇದೆ. ಈಗ ದುಡಿಯುವ ವಯಸ್ಸಿನವರಿಗೆ ಬಹುಪಾಲು ಅದರ ಬದಲು ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರಿ ನೆರವು ಬಂದುಬಿಟ್ಟಿದೆ. ಹೌಸಿಂಗ್ ಬೆನಿಫಿಟ್ ಉಳಿದಿರುವುದು ಮುಖ್ಯವಾಗಿ ಪಿಂಚಣಿ ವಯಸ್ಸು ದಾಟಿದವರಿಗೆ, ಮತ್ತೆ ತಾತ್ಕಾಲಿಕ ವಸತಿಯಲ್ಲಿ ಅಥವಾ ಆರೈಕೆ ಸಮೇತ ಇರುವ ವಸತಿಯಲ್ಲಿ ಇರುವವರಿಗೆ. ವರ್ಕ್ ವೀಸಾದ ಮೇಲೆ ಹೋದ ಸಾಫ್ಟ್‌ವೇರ್ ಹುಡುಗರಿಗೆ ಇದು ಸಿಗುವುದೇ ಇಲ್ಲ, ಸರ್ಕಾರಿ ನೆರವು ಕೇಳುವಂತಿಲ್ಲ ಅಂತ ವೀಸಾದಲ್ಲೇ ಬರೆದಿರುತ್ತದೆ. ಆದರೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೋಗಿ ಅಲ್ಲೇ ನೆಲೆಯೂರಿ, ಈಗ ಬಾಡಿಗೆ ಫ್ಲಾಟಿನಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದು ತಿಂಗಳ ಆಧಾರ.

ಯೂನಿವರ್ಸಲ್ ಕ್ರೆಡಿಟ್ ಮತ್ತು ಹೌಸಿಂಗ್ ಬೆನಿಫಿಟ್ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ತಪ್ಪು ಸರ್ಕಾರದ್ದೇ ಆದರೂ ಜಾಸ್ತಿ ಬಂದ ದುಡ್ಡನ್ನು ವಾಪಸ್ ಕೇಳಬಹುದು. ಹೌಸಿಂಗ್ ಬೆನಿಫಿಟ್‌ನಲ್ಲಿ ಹಾಗಲ್ಲ. ‘ಯಾರ ತಪ್ಪಾದರೂ ಕಟ್ಟಲೇಬೇಕಂತೆ’ ಅಂತ ವಾಟ್ಸಾಪಿನಲ್ಲಿ ಯಾರೋ ಹೇಳಿದರೆ, ಯಾವ ನೆರವಿನ ಬಗ್ಗೆ ಹೇಳುತ್ತಿದ್ದಾರೆ ಅಂತ ಕೇಳಿ.

ಇಲ್ಲಿ ಹೇಳುವುದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ವಿಷಯ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ.

ಊರಿಗೆ ಹೋಗಿ ಬಂದ ಅಜ್ಜಿಯ ಲೆಕ್ಕ

ಒಬ್ಬ ಅಜ್ಜಿ ಇದ್ದಾರೆ ಅಂತ ಇಟ್ಟುಕೊಳ್ಳಿ. ವಯಸ್ಸು 74. ವಾರಕ್ಕೆ 140 ಪೌಂಡ್ ಹೌಸಿಂಗ್ ಬೆನಿಫಿಟ್. ಮೈಸೂರಿನಲ್ಲಿದ್ದ ತಮ್ಮ ತೀರಿಕೊಂಡ ಸುದ್ದಿ ಬಂತು. ಸಿಕ್ಕ ವಿಮಾನ ಹತ್ತಿದರು. ಕರ್ಮ, ಹದಿಮೂರನೇ ದಿನದ ವೈಕುಂಠ ಸಮಾರಾಧನೆ, ಆಮೇಲೆ ನಾದಿನಿ ಹೆಸರಿಗೆ ಬ್ಯಾಂಕ್ ಖಾತೆ ಮಾಡಿಸುವ ಓಡಾಟ. ಏಳು ವಾರ ಕಳೆದು ವಾಪಸ್ ಬಂದರು. ಕೌನ್ಸಿಲ್‌ಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಕೆಲವು ತಿಂಗಳ ನಂತರ ಒಂದು ಫಾರ್ಮಿನಲ್ಲಿ ಅವರೇ ಮುಗ್ಧವಾಗಿ ಬರೆದರು, ‘ಏಳು ವಾರ ಇಂಡಿಯಾಕ್ಕೆ ಹೋಗಿದ್ದೆ’ ಅಂತ. ಆಗ ಬಂತು ಆ ಕಾಗದ. ಅವರು ಹೊರಟ ದಿನದಿಂದ ಕೌನ್ಸಿಲ್‌ಗೆ ಗೊತ್ತಾದ ದಿನದವರೆಗೆ 26 ವಾರ. 26ನ್ನು 140ರಿಂದ ಗುಣಿಸಿದರೆ 3,640.

ನಿಯಮ ಏನು? ಮೊದಲು ಹೊರದೇಶಕ್ಕೆ ಹೋದರೂ 13 ವಾರದ ತನಕ ನೆರವು ನಿಲ್ಲುತ್ತಿರಲಿಲ್ಲ. 2016ರ ಜುಲೈ 28ರಿಂದ ಅದನ್ನು 4 ವಾರಕ್ಕೆ ಇಳಿಸಿದರು. ದೇಶದೊಳಗೇ ಇದ್ದರೆ ಇನ್ನೂ 13 ವಾರ. ಹಳಬರ ತಲೆಯಲ್ಲಿ ಆ ಹಳೇ 13 ವಾರವೇ ಕೂತಿದೆ. ಗೊಂದಲ ಹುಟ್ಟುವುದು ಅಲ್ಲೇ.

ಇದಕ್ಕಿಂತ ಚುಚ್ಚುವ ಸಂಗತಿ ಇನ್ನೊಂದಿದೆ. ನಾಲ್ಕು ವಾರ ಕೊಟ್ಟು ಐದನೇ ವಾರದಿಂದ ನಿಲ್ಲಿಸುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೊರಡುವಾಗಲೇ ನಾಲ್ಕು ವಾರಕ್ಕಿಂತ ಜಾಸ್ತಿ ಇರುವ ಯೋಚನೆ ಇದ್ದರೆ ಮೊದಲ ದಿನದಿಂದಲೇ ಹಕ್ಕು ಹೋಗುತ್ತದೆ. ಅಂದರೆ ಚಳಿಗಾಲ ಕಳೆಯಲು ಅಂತ ಹತ್ತು ವಾರದ ಟಿಕೆಟ್ ತೆಗೆದವರಿಗೆ ಒಂದು ವಾರದ್ದೂ ಸಿಗುವುದಿಲ್ಲ. ಮೂರೂವರೆ ವಾರಕ್ಕೆ ಟಿಕೆಟ್ ತೆಗೆದು ಹೋದವರ ಲೆಕ್ಕವೇ ಬೇರೆ. ಹಾಗಾಗಿ ಇಂಥ ಜಗಳದಲ್ಲಿ ವಾಪಸ್ ಟಿಕೆಟ್ಟಿನ ತಾರೀಖಿಗೆ ಬಂಗಾರದ ಬೆಲೆ.

ಆದರೆ ಅಜ್ಜಿ ಸುಮ್ನೆ ತಿರುಗಾಡಲು ಹೋದವರಲ್ಲ. ಹತ್ತಿರದ ಸಂಬಂಧಿ ತೀರಿಕೊಂಡ ಕಾರಣಕ್ಕೆ ಹೋದರೆ ನಾಲ್ಕರ ಮೇಲೆ ಇನ್ನೂ ನಾಲ್ಕು ವಾರ, ಒಟ್ಟು ಎಂಟು ವಾರದ ತನಕ ವಿಸ್ತರಿಸಲು ಅವಕಾಶ ಇದೆ. ನಾಲ್ಕೇ ವಾರದಲ್ಲಿ ವಾಪಸ್ ಬಾ ಅನ್ನುವುದು ನ್ಯಾಯವಲ್ಲ ಅಂತ ಕೌನ್ಸಿಲ್‌ಗೆ ಒಪ್ಪಿಗೆಯಾಗಬೇಕು, ಅಷ್ಟೇ. ಅಪ್ಪ, ಅಮ್ಮ, ಅತ್ತೆ, ಮಾವ, ಮಕ್ಕಳು, ಅಳಿಯ, ಸೊಸೆ, ಒಡಹುಟ್ಟಿದವರು, ಇವರೆಲ್ಲ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿದ್ದಾರೆ. ನಮ್ಮ ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ ಆ ಪಟ್ಟಿಯಲ್ಲಿಲ್ಲ. ಸಾಕಿ ಬೆಳೆಸಿದ ದೊಡ್ಡಮ್ಮ ಹೋದರೂ ಕಾನೂನಿನ ಕಣ್ಣಿಗೆ ಆಕೆ ದೂರದವಳು. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ಬರೆದಿರುವುದು ಹಾಗೆ.

ಅಜ್ಜಿಗೆ ತೀರಿಕೊಂಡಿದ್ದು ಒಡಹುಟ್ಟಿದ ತಮ್ಮ. ಏಳು ವಾರ ಎಂಟರ ಒಳಗೇ ಇದೆ. ಆದ್ದರಿಂದ ಮೊದಲ ವಾದ ಇದೇ: ಜಾಸ್ತಿ ಪಾವತಿ ಆಗಿಯೇ ಇಲ್ಲ. ಇದನ್ನು ಬರೆಯುವಾಗ ಕೌನ್ಸಿಲ್ ಅಧಿಕಾರಿಗೆ ವೈಕುಂಠ ಸಮಾರಾಧನೆ ಅಂದರೆ ಏನು ಅಂತ ಗೊತ್ತಿರಲ್ಲ ಅನ್ನೋದು ನೆನಪಿರಲಿ. ಯಾವ ದಿನ ಏನು ನಡೆಯಿತು, ಅಕ್ಕ ಅಲ್ಲಿ ಯಾಕೆ ಇರಲೇಬೇಕಿತ್ತು, ಬ್ಯಾಂಕಿಗೆ ಎಷ್ಟು ಸಲ ಹೋಗಬೇಕಾಯಿತು, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಮರಣ ಪ್ರಮಾಣಪತ್ರ ಲಗತ್ತಿಸಬೇಕು. ಅದರಲ್ಲಿ ಇಂಗ್ಲಿಷ್ ಇಲ್ಲದಿದ್ದರೆ ಅನುವಾದವೂ ಬೇಕು. ಪಾಸ್‌ಪೋರ್ಟಿನ ಪುಟಗಳ ಪ್ರತಿ ಇಡಿ. ಬ್ರಿಟನ್ನಿನ ಇ-ಗೇಟ್ ದಾಟಿದರೆ ಮುದ್ರೆ ಬೀಳುವುದಿಲ್ಲ, ಹಾಗಾಗಿ ಕೆಂಪೇಗೌಡ ನಿಲ್ದಾಣದ ಇಮಿಗ್ರೇಷನ್ ಮುದ್ರೆಯೇ ಹೋದದ್ದಕ್ಕೂ ಬಂದದ್ದಕ್ಕೂ ಸಾಕ್ಷಿಯಾಗುತ್ತದೆ.

ಸರಿ, ಆ ವಾದ ಗೆಲ್ಲಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ 3,640 ಸರಿಯಾದ ಮೊತ್ತ ಅಲ್ಲ. ಅಜ್ಜಿ ಏಳು ವಾರಕ್ಕೆ ವಾಪಸ್ ಬಂದು ಅದೇ ಮನೆಯಲ್ಲಿ ಅದೇ ಬಾಡಿಗೆ ಕೊಟ್ಟುಕೊಂಡಿದ್ದಾರೆ. ಉಳಿದ 19 ವಾರ, ಎಲ್ಲ ವಿವರ ಮೊದಲೇ ಗೊತ್ತಿದ್ದರೂ ಅವರಿಗೆ ನೆರವು ಸಿಗುತ್ತಿತ್ತು ತಾನೇ? ಹಾಗೆ ಸಿಗಬೇಕಿದ್ದ ದುಡ್ಡನ್ನು ಕೌನ್ಸಿಲ್ ಓವರ್‌ಪೇಮೆಂಟಿನಿಂದ, ಅಂದರೆ ಜಾಸ್ತಿ ಪಾವತಿಯ ಮೊತ್ತದಿಂದ, ಕಳೆಯಲೇಬೇಕು. ಇದಕ್ಕೆ ಅಲ್ಲಿ ‘ಅಂಡರ್‌ಲೈಯಿಂಗ್ ಎಂಟೈಟಲ್‌ಮೆಂಟ್’ ಅನ್ನುತ್ತಾರೆ. ಎಷ್ಟು ಓವರ್‌ಪೇಮೆಂಟ್ ಕಾಗದಗಳಲ್ಲಿ ಇದನ್ನು ಬಿಟ್ಟೇಬಿಟ್ಟಿರುತ್ತಾರೋ! ಕಾರಣ ಇಷ್ಟೇ: ಆ ಅವಧಿಯ ಆದಾಯ, ಬಾಡಿಗೆ ಎಲ್ಲ ನೀವೇ ತೋರಿಸಿಕೊಡಬೇಕು. ಕೇಳಿದ ಕಾಗದ ಕಳಿಸದಿದ್ದರೆ ಅವರು ಸೊನ್ನೆ ಅಂತ ಹಿಡಿಯುತ್ತಾರೆ. ಲೆಕ್ಕ ಹಾಕಿ ನೋಡಿ. 19 ವಾರಕ್ಕೆ 2,660 ಪೌಂಡ್ ಕಳೆದರೆ ಉಳಿಯುವುದು 980. ಒಂದೇ ಪ್ರವಾಸಕ್ಕೆ ಮೂರು ಮೊತ್ತ ಬಂತು ನೋಡಿ: 3,640, 980, ಸೊನ್ನೆ. ಸುಮ್ಮನೆ ಕಂತು ಕಟ್ಟಲು ಶುರು ಮಾಡಿದವರು ಮೊದಲನೆಯದನ್ನೇ ಕಟ್ಟುತ್ತಾರೆ.

ಇನ್ನೊಂದು ತಿರುವು. ಅಲ್ಲಿದ್ದಾಗ ಅಜ್ಜಿಯೇ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರೆ? ಚಿಕಿತ್ಸೆ ಅಥವಾ ವೈದ್ಯರು ಹೇಳಿದ ವಿಶ್ರಾಂತಿಯಲ್ಲಿ ಇರುವವರಿಗೆ 26 ವಾರದ ತನಕ ಬೇರೆಯೇ ನಿಯಮ ಇದೆ. ಅದನ್ನು ಹಿಡಿದು ವಾದಿಸಬಹುದು. ಡಿಸ್ಚಾರ್ಜ್ ಸಮ್ಮರಿ ಬಿಸಾಡಬೇಡಿ.

ಲೆಕ್ಕ ತಪ್ಪುವ ಬೇರೆ ಎರಡು ಜಾಗ

ಮಗ ಕೆಲಸ ಬದಲಾಯಿಸಿ ಅಮ್ಮನ ಮನೆಗೆ ಬಂದು ಇರತೊಡಗಿದ. ನಮ್ಮಲ್ಲಿ ಇದು ಹಬ್ಬ. ಕೌನ್ಸಿಲ್‌ಗೆ ಇದು ಕಡಿತದ ಕಾರಣ. ಮನೆಯಲ್ಲಿ ದುಡಿಯುವ ವಯಸ್ಕ ಇದ್ದರೆ ಅವನು ಬಾಡಿಗೆಗೆ ಕೈಜೋಡಿಸುತ್ತಾನೆ ಅಂತ ಲೆಕ್ಕ ಹಾಕಿ ನೆರವಿನಲ್ಲಿ ವಾರಕ್ಕೆ ಇಷ್ಟು ಅಂತ ಮುರಿಯುತ್ತಾರೆ. ‘ನಾನ್-ಡಿಪೆಂಡೆಂಟ್ ಡಿಡಕ್ಷನ್’ ಅಂತ ಅದರ ಹೆಸರು. ಮಗ ನಿಜಕ್ಕೂ ಒಂದು ಪೆನ್ನಿ ಕೊಡದಿದ್ದರೂ ಕಡಿತ ಕಡಿತವೇ. ಆದರೆ ಪಿಂಚಣಿ ವಯಸ್ಸಿನವರಿಗೆ ಇಲ್ಲಿ ಒಂದು ರಕ್ಷಣೆ ಇದೆ. ಅಂಥವರ ಮನೆಗೆ ಯಾರಾದರೂ ಬಂದು ಸೇರಿದರೆ ಕಡಿತ ತಕ್ಷಣ ಶುರುವಾಗಬಾರದು, 26 ವಾರ ಕಳೆಯಬೇಕು. ಹಾಗಾಗಿ ಮಗ ಬಂದ ದಿನವನ್ನೂ ಕಡಿತ ಶುರುವಾದ ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಟೆಂಡೆನ್ಸ್ ಅಲೋಯನ್ಸ್ (ಆರೈಕೆ ಬೇಕಾದ ಹಿರಿಯರಿಗೆ ಸಿಗುವ ಭತ್ಯೆ) ಬರುವವರಾಗಿದ್ದರೆ ಈ ಕಡಿತವೇ ಇರಬಾರದು.

ಎರಡನೆಯದು ಉಳಿತಾಯ. ಬ್ಯಾಂಕಿನಲ್ಲಿ 16,000 ಪೌಂಡಿಗಿಂತ ಜಾಸ್ತಿ ಇದ್ದರೆ ಹೌಸಿಂಗ್ ಬೆನಿಫಿಟ್ ಇಲ್ಲ. ಕಡಿಮೆ ಆದಾಯದ ಹಿರಿಯರಿಗೆ ಸಿಗುವ ಪೆನ್ಷನ್ ಕ್ರೆಡಿಟ್‌ನ ಗ್ಯಾರಂಟಿ ಭಾಗ ಬರುವವರಿಗೆ ಈ ಮಿತಿ ತಾಗುವುದಿಲ್ಲ. ಒಬ್ಬರ ಖಾತೆಯಲ್ಲಿ 16,900 ಇತ್ತು, ಹೇಳಿರಲಿಲ್ಲ, ಎರಡು ವರ್ಷ ಕಳೆದ ಮೇಲೆ ಗೊತ್ತಾಯಿತು ಅನ್ನಿ. ಕೌನ್ಸಿಲ್ ಎರಡು ವರ್ಷದ್ದನ್ನೂ ಪೂರ್ತಿ ಕೇಳುತ್ತದೆ. ಆದರೆ ನಿಯಮದಲ್ಲಿ ಒಂದು ನ್ಯಾಯದ ಮಾತಿದೆ. ನೆರವು ಸಿಗದೇ ಇದ್ದಿದ್ದರೆ ಅವರು ಆ ಉಳಿತಾಯದಿಂದಲೇ ಬಾಡಿಗೆ ಕಟ್ಟುತ್ತಿದ್ದರು, ಉಳಿತಾಯ ಕರಗುತ್ತಿತ್ತು, ಅಲ್ವಾ? ಅದಕ್ಕೆ ಪ್ರತಿ 13 ವಾರಕ್ಕೊಮ್ಮೆ, ಅಷ್ಟು ದಿನ ಜಾಸ್ತಿ ಬಂದ ಮೊತ್ತವನ್ನು ಉಳಿತಾಯದಿಂದ ಕಳೆದು ಮತ್ತೆ ಲೆಕ್ಕ ಹಾಕಬೇಕು. ವಾರಕ್ಕೆ 140ರಂತೆ 13 ವಾರಕ್ಕೆ 1,820. ಅದನ್ನು ಕಳೆದರೆ 15,080. ಮಿತಿಯ ಒಳಗೆ ಬಂತು. ಅಲ್ಲಿಂದ ಮುಂದೆ ಸ್ವಲ್ಪ ಕಡಿಮೆಯಾದರೂ ನೆರವು ಸಿಗಲೇಬೇಕು. ಎರಡು ವರ್ಷದ ಸಾಲ ಮೂರು ತಿಂಗಳ ಸಾಲ ಮತ್ತು ಚಿಲ್ಲರೆಗೆ ಇಳಿಯಿತು.

ಊರಿನ ಸೈಟು, ಹೊಲದ ಮಾತೂ ಇಲ್ಲೇ ಬರುತ್ತದೆ. ಹಾಸನದಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿ ಒಂದು ಹಳೇ ಮನೆ ಇದೆ ಅಂದರೆ ಅದರಲ್ಲಿ ನಿಮ್ಮ ಪಾಲು ಕೂಡ ಅಲ್ಲಿಯ ಲೆಕ್ಕದಲ್ಲಿ ಆಸ್ತಿ. ‘ಅದು ಇಂಡಿಯಾದ್ದು, ಅವರಿಗ್ಯಾಕೆ’ ಅನ್ನುವಂತಿಲ್ಲ. ಆದರೆ ಬೆಲೆ ಕಟ್ಟುವಾಗ ಆ ಅವಿಭಕ್ತ ಪಾಲನ್ನು ಹೊರಗಿನವನೊಬ್ಬ ಎಷ್ಟಕ್ಕೆ ಕೊಳ್ಳುತ್ತಾನೆ ಅಂತ ನೋಡಬೇಕು, ಮಾರುವ ಖರ್ಚಿಗೆ ಅಂತ ಶೇ. 10 ಕಳೆಯಬೇಕು, ಅದರ ಮೇಲಿನ ಸಾಲವನ್ನೂ ಕಳೆಯಬೇಕು. ಅರ್ಧ ಮನೆಯಲ್ಲಿ ದಾಯಾದಿ ಕೂತಿರುವ ಪಾಲನ್ನು ಪೂರ್ತಿ ಮಾರುಕಟ್ಟೆ ಬೆಲೆಗೆ ಯಾರು ಕೊಳ್ಳುತ್ತಾರೆ ಹೇಳಿ? ಅದನ್ನೇ ಬರೆಯಿರಿ.

ತಪ್ಪು ಯಾರದು?

ಮೊತ್ತ ಸರಿ ಇದೆ ಅಂತ ಆದ ಮೇಲೆ ಎರಡನೇ ಪ್ರಶ್ನೆ. 2006ರ ಹೌಸಿಂಗ್ ಬೆನಿಫಿಟ್ ನಿಯಮಗಳ ಪ್ರಕಾರ, ಅಧಿಕಾರಿಗಳ ತಪ್ಪಿನಿಂದ ಆದ ಓವರ್‌ಪೇಮೆಂಟನ್ನು ವಾಪಸ್ ಕೇಳುವಂತಿಲ್ಲ. ಅಧಿಕಾರಿಗಳು ಅಂದರೆ ಕೌನ್ಸಿಲ್ ಅಷ್ಟೇ ಅಲ್ಲ. ಪಿಂಚಣಿ ನೋಡಿಕೊಳ್ಳುವ ಇಲಾಖೆ, ತೆರಿಗೆ ಇಲಾಖೆಯ ತಪ್ಪೂ ಸೇರುತ್ತದೆ. ಆದರೆ ಎರಡು ಬಾಗಿಲು ದಾಟಬೇಕು. ಆ ತಪ್ಪಿಗೆ ನಿಮ್ಮ ಕೈ ಸೇರಿರಬಾರದು. ಮತ್ತೆ, ದುಡ್ಡು ಬಂದಾಗ ಅಥವಾ ಅದರ ಬಗ್ಗೆ ಕಾಗದ ಬಂದಾಗ ‘ಇದು ಜಾಸ್ತಿ ಬರುತ್ತಿದೆ’ ಅಂತ ನಿಮಗೆ ಗೊತ್ತಾಗಬೇಕಿತ್ತು ಅನ್ನುವ ಹಾಗೆ ಇರಬಾರದು.

ಮೊದಲ ಬಾಗಿಲಿನ ಉದಾಹರಣೆ: ಪಿಂಚಣಿ ಹೆಚ್ಚಾಯಿತು, ನೀವು ಫೋನ್ ಮಾಡಿ ಹೇಳಿದಿರಿ, ಅಲ್ಲಿ ಯಾರೂ ದಾಖಲಿಸಲಿಲ್ಲ. ಇದು ಅವರ ತಪ್ಪು. ನೀವು ಹೇಳಲೇ ಇಲ್ಲ, ಆದರೆ ಅವರ ಕಂಪ್ಯೂಟರಿಗೆ ಬೇರೆ ಕಡೆಯಿಂದ ಸುದ್ದಿ ಬಂದಿತ್ತು, ಅವರು ನೋಡಲಿಲ್ಲ. ಈಗ ತಪ್ಪು ಯಾರದು? 2001ರಲ್ಲಿ ಕೇಂಬ್ರಿಡ್ಜಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಮೇಲ್ಮನವಿ ಕೋರ್ಟು ಇದಕ್ಕೆ ದಾರಿ ಹಾಕಿಕೊಟ್ಟಿತು. ಒಟ್ಟಾರೆ ನೋಡಿದಾಗ ಓವರ್‌ಪೇಮೆಂಟಿಗೆ ನಿಜವಾದ ಕಾರಣ ಯಾವುದು ಅಂತ ಸಾಮಾನ್ಯ ಬುದ್ಧಿಯಿಂದ ಕೇಳಬೇಕು. ಹೇಳಬೇಕಾದವರು ಹೇಳದೆ ಇದ್ದು, ಆಮೇಲೆ ‘ಅವರು ಹಿಡಿಯಬೇಕಿತ್ತು’ ಅಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಆದರೆ ನೀವು ತಡವಾಗಿಯಾದರೂ ಹೇಳಿದ ದಿನದಿಂದ ಮುಂದಕ್ಕೆ ಅವರು ಸುಮ್ಮನೆ ಕೂತಿದ್ದರೆ, ಆ ಮುಂದಿನ ಭಾಗ ಅವರ ತಲೆಗೆ. ಒಂದೇ ಓವರ್‌ಪೇಮೆಂಟನ್ನು ಹೀಗೆ ಎರಡು ತುಂಡು ಮಾಡಬಹುದು. ಇದನ್ನು ಕೇಳುವವರೇ ಕಡಿಮೆ.

ಹೇಳಿದ್ದಕ್ಕೆ ಸಾಕ್ಷಿ ಬೇಕಲ್ಲ? ಇಮೇಲ್, ಕೌಂಟರಿನ ರಸೀದಿ, ಫೋನ್ ಬಿಲ್ಲಿನಲ್ಲಿ ಆ ದಿನದ ಕರೆ. ಇವಾವುದೂ ಇಲ್ಲದಿದ್ದರೂ ಒಂದು ಉಪಾಯ ಇದೆ. ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ ಅಂತ ಬರೆದು ನಿಮ್ಮ ಬಗ್ಗೆ ಕೌನ್ಸಿಲ್‌ನಲ್ಲಿರುವ ಎಲ್ಲ ದಾಖಲೆ ಕೇಳಬಹುದು. ಶುಲ್ಕ ಇಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಫೋನ್ ಎತ್ತಿದವರು ಆಗ ಟೈಪ್ ಮಾಡಿಟ್ಟ ಒಂದು ಸಾಲಿನ ಟಿಪ್ಪಣಿ ಅದರಲ್ಲಿ ಸಿಕ್ಕರೆ ಅದೇ ನಿಮ್ಮ ಸಾಕ್ಷಿ.

ಎರಡನೇ ಬಾಗಿಲು ಇನ್ನೂ ಸೂಕ್ಷ್ಮ. ‘ಜಾಸ್ತಿ ಇರಬಹುದೇನೋ’ ಅನ್ನುವ ಅನುಮಾನ ಸಾಲದು. ಜಾಸ್ತಿ ಬರುತ್ತಿದೆ ಅಂತಲೇ ತಿಳಿಯಬೇಕಿತ್ತು ಅಂತ ಆಗಬೇಕು. ಯಾರಿಗೆ ತಿಳಿಯಬೇಕಿತ್ತು? ಲೆಕ್ಕ ಬಲ್ಲ ಗುಮಾಸ್ತರಿಗಲ್ಲ, ನಿಮಗೆ. ನಿಮ್ಮ ವಯಸ್ಸು, ಓದು, ಭಾಷೆ, ಆರೋಗ್ಯ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕನ್ನಡ ಮಾತ್ರ ಓದಲು ಬರುವ ಅಜ್ಜಿಗೂ ಅಕೌಂಟೆಂಟ್ ಆಗಿ ನಿವೃತ್ತರಾದ ಅಜ್ಜನಿಗೂ ಒಂದೇ ಅಳತೆ ಅಲ್ಲ. ಹಾಗಂತ ಅಜ್ಜಿಯ ಪರವಾಗಿ ಮಗನೇ ಎಲ್ಲ ಕಾಗದಪತ್ರ ನೋಡಿಕೊಳ್ಳುತ್ತಿದ್ದರೆ, ಅವನಿಗೆ ಏನು ತಿಳಿಯಬೇಕಿತ್ತು ಅನ್ನುವುದೂ ಬರುತ್ತದೆ.

ಹಾಗಾಗಿ ಹಳೇ ಕಾಗದಗಳನ್ನು ತೆಗೆದು ನೋಡಿ. ನಿಮ್ಮ ಪಿಂಚಣಿ ವಾರಕ್ಕೆ ಇಷ್ಟು ಅಂತ ಅದರಲ್ಲಿ ಬರೆದಿದ್ದು, ಅದು ನಿಮಗೆ ಬರುವುದಕ್ಕಿಂತ ಕಣ್ಣಿಗೆ ರಾಚುವಷ್ಟು ಕಡಿಮೆ ಇದ್ದರೆ ‘ನೋಡಿದ್ದರೆ ತಿಳಿಯುತ್ತಿತ್ತು’ ಅನ್ನುತ್ತಾರೆ. ಕಾಗದದಲ್ಲಿ ಬರೀ ‘ವಾರಕ್ಕೆ 140’ ಅಂತ ಇದ್ದು ಲೆಕ್ಕವೇ ಇಲ್ಲದಿದ್ದರೆ ಯಾರಿಗೆ ತಾನೇ ಹೊಳೆಯುತ್ತದೆ?

ಇಲ್ಲಿ ಒಂದು ಒಳಗಿನ ಸಂಗತಿ. ಹೌಸಿಂಗ್ ಬೆನಿಫಿಟ್ ಕೊಡಲು ಕೌನ್ಸಿಲ್‌ಗೆ ದುಡ್ಡು ಕೇಂದ್ರ ಸರ್ಕಾರದಿಂದ ಬರುತ್ತದೆ. ಓವರ್‌ಪೇಮೆಂಟ್ ‘ಫಲಾನುಭವಿಯ ತಪ್ಪು’ ಅಂತ ಬರೆದರೆ ಆ ಮೊತ್ತದ ಶೇ. 40 ಕೇಂದ್ರದಿಂದ ಸಿಗುತ್ತದೆ, ವಸೂಲಿಯಾದದ್ದೂ ಕೌನ್ಸಿಲ್‌ಗೇ. ‘ನಮ್ಮ ತಪ್ಪು’ ಅಂತ ಬರೆದದ್ದು ಒಟ್ಟು ವೆಚ್ಚದ ಶೇ. 0.48 ದಾಟಿದರೆ ಬರುವ ದುಡ್ಡಿಗೆ ಕತ್ತರಿ, 0.54 ದಾಟಿದರೆ ಒಂದು ಪೈಸೆಯೂ ಇಲ್ಲ. ಬೇಕಂತಲೇ ತಪ್ಪು ಬರೆಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ತಕ್ಕಡಿ ಯಾವ ಕಡೆ ವಾಲಿದೆ ಅಂತ ತಿಳಿದುಕೊಂಡು ಕಾಗದ ಓದುವುದು ಒಳ್ಳೆಯದು.

ವಸೂಲಿ

ಮೂರನೇ ಪ್ರಶ್ನೆಗೆ ಜಾಸ್ತಿ ಹೊತ್ತು ಬೇಡ. ಈಗಲೂ ನೆರವು ಬರುತ್ತಿದ್ದರೆ ವಾರವಾರ ಅದರಿಂದಲೇ ಮುರಿಯುತ್ತಾರೆ. ಎಷ್ಟು ಮುರಿಯಬಹುದು ಅನ್ನುವುದಕ್ಕೆ ಮಿತಿ ಇದೆ, ಮೋಸ ಅಂತ ಸಾಬೀತಾದರೆ ಆ ಮಿತಿ ಏರುತ್ತದೆ. ಮುರಿದ ಮೇಲೆ ವಾರಕ್ಕೆ ಕನಿಷ್ಠ 50 ಪೆನ್ಸ್ ಆದರೂ ಉಳಿಸಬೇಕು. ಕೆಲಸದಲ್ಲಿರುವವರ ಸಂಬಳದಿಂದ ಕೋರ್ಟಿಗೆ ಹೋಗದೆಯೇ ಹಿಡಿಯಬಹುದು. ಹಣ ನೇರವಾಗಿ ಮನೆ ಮಾಲೀಕರಿಗೆ ಹೋಗುತ್ತಿದ್ದರೆ ಕೆಲವು ಸಲ ಅವರಿಂದಲೇ ಕೇಳುತ್ತಾರೆ. ಆಗ ಅವರಿಗೂ ಅಪೀಲಿನ ಹಕ್ಕು ಇರುತ್ತದೆ. ಆದರೆ ಮಾಲೀಕರು ಅದನ್ನು ನಿಮ್ಮ ಬಾಡಿಗೆ ಬಾಕಿ ಅಂತ ಬರೆದುಕೊಳ್ಳುವ ಅಪಾಯವೂ ಇದೆ.

ಕಂತು ಕಡಿಮೆ ಮಾಡಿ, ಬಿಟ್ಟುಬಿಡಿ ಅಂತ ಕೇಳುವುದು ಕೌನ್ಸಿಲ್‌ನ ವಿವೇಚನೆಗೆ ಬಿಟ್ಟದ್ದು. ತಿಂಗಳ ಖರ್ಚಿನ ಪಟ್ಟಿ, ಡಾಕ್ಟರ ಕಾಗದ ಇಟ್ಟು ಕೇಳಿ. ಇದಕ್ಕೆ ಟ್ರಿಬ್ಯುನಲ್‌ಗೆ, ಅಂದರೆ ನೆರವಿನ ಅಪೀಲು ಕೇಳುವ ಸ್ವತಂತ್ರ ನ್ಯಾಯಮಂಡಳಿಗೆ, ಹೋಗಲು ಆಗುವುದಿಲ್ಲ. ಕೌನ್ಸಿಲ್‌ನ ದೂರು ವ್ಯವಸ್ಥೆ, ಅದು ಮುಗಿದ ಮೇಲೆ ಓಂಬುಡ್ಸ್‌ಮನ್, ಅಂದರೆ ಆಡಳಿತದ ಮೇಲಿನ ದೂರು ನೋಡುವ ಸ್ವತಂತ್ರ ಅಧಿಕಾರಿ. ಅಪೀಲು ಹಾಕಿದ ತಕ್ಷಣ ‘ತೀರ್ಮಾನ ಆಗುವ ತನಕ ವಸೂಲಿ ನಿಲ್ಲಿಸಿ’ ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಕೇಳಿದರೆ ಬಹಳ ಕೌನ್ಸಿಲ್‌ಗಳು ನಿಲ್ಲಿಸುತ್ತವೆ.

ಒಂದು ತಿಂಗಳು

ಕಾಗದದ ಮೇಲಿನ ತಾರೀಖಿನಿಂದ ಒಂದು ತಿಂಗಳು. ಅದು ಮ್ಯಾಟ್ ಮೇಲೆ ಬಿದ್ದ ದಿನದಿಂದ ಅಲ್ಲ. ಅಷ್ಟರೊಳಗೆ ನಿಮ್ಮ ಅಪೀಲು ಕೌನ್ಸಿಲ್‌ಗೆ ತಲುಪಬೇಕು. ನೀವು ಊರಿಗೆ ಹೋಗಿದ್ದಾಗ ಕಾಗದ ಬಂದು ಬಿದ್ದಿತ್ತು, ಆಸ್ಪತ್ರೆಯಲ್ಲಿದ್ದಿರಿ, ಇಂಥ ಕಾರಣ ಇದ್ದರೆ ತಡವಾಗಿಯೂ ಹಾಕಬಹುದು. ಆದರೆ 13 ತಿಂಗಳಾಚೆ ಹೋದರೆ ಬಾಗಿಲು ಮುಚ್ಚಿದ ಹಾಗೇ.

ಬೇರೆ ನೆರವುಗಳಲ್ಲಿ ಮೊದಲು ಮರುಪರಿಶೀಲನೆ ಕೇಳಿ ಆಮೇಲೇ ಟ್ರಿಬ್ಯುನಲ್‌ಗೆ ಹೋಗಬೇಕು. ಹೌಸಿಂಗ್ ಬೆನಿಫಿಟ್‌ನಲ್ಲಿ ಆ ಕಟ್ಟುಪಾಡು ಇಲ್ಲ, ನೇರ ಅಪೀಲು ಹಾಕಬಹುದು. ಇನ್ನೂ ಒಂದು ವಿಚಿತ್ರ: ಅಪೀಲನ್ನು ಟ್ರಿಬ್ಯುನಲ್‌ಗೆ ಕಳಿಸಬಾರದು, ಯಾರ ವಿರುದ್ಧವೋ ಅದೇ ಕೌನ್ಸಿಲ್‌ಗೆ ಕೊಡಬೇಕು. ಅವರು ಇನ್ನೊಮ್ಮೆ ನೋಡುತ್ತಾರೆ. ನಿಮ್ಮ ಪರವಾಗಿ ಬದಲಾಯಿಸಿದರೆ ಅಪೀಲು ಅಲ್ಲಿಗೇ ಮುಗಿಯಿತು. ಆದರೆ 3,640ನ್ನು 980ಕ್ಕೆ ಇಳಿಸಿದರೂ ‘ನಿಮ್ಮ ಪರ’ ಅಂತಲೇ ಲೆಕ್ಕ. 980 ಕೂಡ ಒಪ್ಪಿಗೆ ಇಲ್ಲದಿದ್ದರೆ ಹೊಸ ಕಾಗದಕ್ಕೆ ಹೊಸ ಅಪೀಲು ಹಾಕಬೇಕು, ಹೊಸ ಒಂದು ತಿಂಗಳೊಳಗೆ. ಇಲ್ಲಿ ಎಡವುವವರು ಬಹಳ.

ಬದಲಾಯಿಸದಿದ್ದರೆ ಕೌನ್ಸಿಲ್ ಕಡತ ಸಮೇತ ಟ್ರಿಬ್ಯುನಲ್‌ಗೆ ಕಳಿಸಬೇಕು. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದಿದ್ದರೆ ‘ಕಳಿಸಿದಿರಾ, ಯಾವ ತಾರೀಖು’ ಅಂತ ಬರೆದು ಕೇಳಿ.

ಅಪೀಲಿನ ಕಾಗದ ಉದ್ದ ಇರಬೇಕಿಲ್ಲ. ಯಾವ ತಾರೀಖಿನ ತೀರ್ಮಾನ, ಯಾಕೆ ಒಪ್ಪುವುದಿಲ್ಲ, ಸಹಿ. ಅಜ್ಜಿಯದಾದರೆ ಮೂರು ಪ್ಯಾರಾ ಸಾಕು. ತಮ್ಮನ ಸಾವಿನ ಕಾರಣಕ್ಕೆ ಹೋಗಿದ್ದು, ಎಂಟು ವಾರದೊಳಗೆ ಬಂದಿದ್ದೇನೆ, ಓವರ್‌ಪೇಮೆಂಟ್ ಇಲ್ಲ. ಇದೆ ಅನ್ನುವುದಾದರೂ ವಾಪಸ್ ಬಂದ ನಂತರದ 19 ವಾರದ ಹಕ್ಕನ್ನು ಕಳೆದಿಲ್ಲ. ತೀರ್ಮಾನ ಆಗುವ ತನಕ ವಸೂಲಿ ಬೇಡ. ‘ಕೌನ್ಸಿಲ್ ತಪ್ಪು’ ಅಂತ ಅಜ್ಜಿ ವಾದಿಸದಿರುವುದೇ ಒಳ್ಳೆಯದು. ಅವರು ಹೇಳಿರಲಿಲ್ಲ ಅನ್ನುವುದು ನಿಜ ತಾನೇ? ಸೋಲುವ ವಾದ ಸೇರಿಸಿದರೆ ಗೆಲ್ಲುವ ವಾದವೂ ಮಂಕಾಗುತ್ತದೆ.

ಕೌನ್ಸಿಲ್ ಕಾಗದದಲ್ಲೂ ಇರಲೇಬೇಕಾದ ಸಂಗತಿಗಳಿವೆ: ಯಾಕೆ ಜಾಸ್ತಿಯಾಯಿತು, ಯಾಕೆ ವಾಪಸ್ ಕೇಳಬಹುದು, ಎಷ್ಟು, ಯಾವ ವಾರಗಳಿಗೆ, ಲೆಕ್ಕ ಹೇಗೆ. ಬರೀ ಮೊತ್ತ ಬರೆದು ಕಳಿಸಿದ್ದರೆ ಒಂದು ತಿಂಗಳೊಳಗೆ ಲಿಖಿತ ಕಾರಣ ಕೇಳಿ. ಹಾಗೆ ಕೇಳಿದರೆ ಅಪೀಲಿನ ಗಡುವೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಹಳೇ ತೀರ್ಮಾನ ತಪ್ಪು ಅಂತ ತೋರಿಸುವ ಹೊಣೆ ಕೌನ್ಸಿಲ್‌ನದು, ನೀವು ನಿರಪರಾಧಿ ಅಂತ ಸಾಬೀತು ಮಾಡುವುದರಿಂದ ಶುರುವಾಗುವುದಿಲ್ಲ.

ಎರಡು ಎಚ್ಚರಿಕೆ. ಟ್ರಿಬ್ಯುನಲ್ ಪೂರ್ತಿ ತೀರ್ಮಾನವನ್ನೇ ಹೊಸದಾಗಿ ನೋಡಬಹುದು, ಮೊತ್ತ ಹೆಚ್ಚಾಗುವ ಸಾಧ್ಯತೆಯೂ ಇದೆ. ಹೇಳದೇ ಉಳಿದ ಬೇರೆ ವಿಷಯ ಇದ್ದರೆ ಮೊದಲು ಬಲ್ಲವರ ಹತ್ತಿರ ಮಾತಾಡಿ. ಸಿಟಿಜನ್ಸ್ ಅಡ್ವೈಸ್, ಶೆಲ್ಟರ್, ಊರಿನ ಲಾ ಸೆಂಟರ್, ಇವರೆಲ್ಲ ದುಡ್ಡು ಕೇಳದೆ ಸಲಹೆ ಕೊಡುತ್ತಾರೆ. ಇನ್ನೊಂದು, ‘ಇಂಟರ್‌ವ್ಯೂ ಅಂಡರ್ ಕಾಷನ್’ ಅಂತ ಕರೆದರೆ ಅದು ಮೋಸದ ತನಿಖೆ. ಸುಮ್ನೆ ಮಾತಾಡಿ ಬರೋಣ ಅಂತ ಒಬ್ಬರೇ ಹೋಗಬೇಡಿ, ವಕೀಲರು ಬೇಕು.

ಟ್ರಿಬ್ಯುನಲ್‌ಗೆ ಶುಲ್ಕ ಇಲ್ಲ. ಕಪ್ಪು ಕೋಟು, ಕಟಕಟೆ ಏನೂ ಇರುವುದಿಲ್ಲ. ಒಂದು ಮೇಜು, ಆಚೆ ಕಡೆ ಜಡ್ಜ್, ಹೆಚ್ಚಾಗಿ ಒಬ್ಬರೇ. ಕೆಲವು ಸಲ ಫೋನ್ ಅಥವಾ ವಿಡಿಯೋದಲ್ಲೇ ಮುಗಿಯುತ್ತದೆ. ಕಾಗದ ನೋಡಿ ಮಾತ್ರ ತೀರ್ಮಾನಿಸಿ ಅಂತ ಟಿಕ್ ಹಾಕುವ ಅವಕಾಶ ಇದೆ, ಹಾಕಬೇಡಿ. ಎದುರು ಕೂತು ಮಾತಾಡಿದವರ ಮಾತಿಗೆ ತೂಕ ಜಾಸ್ತಿ. ಅರ್ಜಿಯಲ್ಲೇ ದುಭಾಷಿ ಬೇಕು ಅಂತ ಬರೆಯಿರಿ, ಅದಕ್ಕೂ ದುಡ್ಡಿಲ್ಲ. ‘ಇಂಡಿಯನ್ ಭಾಷೆ’ ಅಂತ ಬರೆದರೆ ಹಿಂದಿಯವರು ಬಂದು ಕೂರುತ್ತಾರೆ, ಕನ್ನಡ ಅಂತಲೇ ಬರೆಯಿರಿ. ಮಗನೇ ಅನುವಾದ ಮಾಡುತ್ತೇನೆ ಅಂದರೆ ಬೇಡ ಅನ್ನಿ. ಮಗ ಪಕ್ಕದಲ್ಲಿ ಕೂರಲಿ, ಚೀಲ ಹಿಡಿದುಕೊಳ್ಳಲಿ.

ಜಡ್ಜ್ ಕೇಳುವ ಪ್ರಶ್ನೆಗಳು ಸರಳ. ಸುದ್ದಿ ಯಾವಾಗ ಬಂತು? ಟಿಕೆಟ್ ಯಾವ ದಿನ ತೆಗೆದಿರಿ? ವಾಪಸ್ ಬರುವ ತಾರೀಖು ಅದರಲ್ಲಿ ಏನಿತ್ತು? ಐದನೇ ವಾರದಲ್ಲಿ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ? ಅಜ್ಜಿ ಬ್ಯಾಂಕಿನ ಹೆಸರು, ನಾದಿನಿಯ ಹೆಸರು, ಹದಿಮೂರನೇ ದಿನ ಯಾವ ವಾರ ಬಿತ್ತು, ಎಲ್ಲ ತಡವರಿಸದೆ ಹೇಳುತ್ತಾರೆ. ಮಗ ಚೀಲದಿಂದ ಟಿಕೆಟ್ಟಿನ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಡುತ್ತಾನೆ.